ಎತ್ತಿಗೆ ಜ್ವರ, ಎಮ್ಮಿಗೆ ಬರಿ

ಹೋದ ವಾರ ನಮ್ಮ ಓಣಿಯ ಸೊಸಿಯೊಬ್ಬಾಕಿ ಸಂಜಿ ಮುಂದ ಬಂದ್ಲು. "ಕಾಕು, ತಾರೀಖು ಮುಂದ ಹಾಕೋ ಗುಳಿಗಿ ನಿಮ್ಮಲ್ಲೆ ಉಳದಾವೇನ್ರಿ? ನಮ್ಮನ್ಯಾಗ ಸತ್ಯನಾರಾಯಣ ಪೂಜಾ ಅದ, ನಂದು ಸರಿಯಾಗಿ ಅವತ್ತೇ ಬರೋ ಹಂಗದ" ಅಂದ್ಲು. ನಾನೂ ಹಿಂದ ಮುಂದ ನೋಡದ ಫ್ರಿಜ್ ಮ್ಯಾಲಿನ ಡಬ್ಬಿ ತಗದೆ. ಮಗಳ ಲಗ್ನದಾಗ ತಂದಿದ್ದ ಪಟ್ಟಿಯೊಳಗ ಒಂದಿಷ್ಟು ಉಳದಿದ್ವು. ಕೊಡಬೇಕಂತ ಕೈ ಚಾಚಿದಾಗ ಆಕಿ ಹೇಳಿದ್ಲು: "ಹೋದ ದೀಪಾವಳ್ಯಾಗ ಇದನ್ನ ತಗೊಂಡು ಎರಡು ದಿನ ತಲಿಶೂಲಿ, ವಾಂತಿ ಆತ್ರಿ. ಆದ್ರ ಏನ್ ಮಾಡೋದು, ನಲವತ್ತು ಮಂದಿ ಅಡಗಿ, ಅತ್ತಿಯವರೊಬ್ಬರಿಗೇ ಆಗಂಗಿಲ್ಲ."

ನನ್ನ ಕೈ ಹಿಂದ ಬಂತು.

ಅಕ್ಕಾರ, ವೈನ್ಯಾರ, ಸಿಟ್ಟಾಗಬ್ಯಾಡ್ರಿ. ಇವತ್ತು ನಮ್ಮನ್ನ ನಾವೇ ಬೈಕೋಳೋ ಮಾತು ಬರೀಲಿಕ್ಕೆ ಕೂತೀನಿ.

ಆ ಗುಳಿಗಿ ಹೆಸರು ನೊರೆಥಿಸ್ಟೆರಾನ್. ಅದು ಹಾರ್ಮೋನು, ಪೆಪ್ಪರಮಿಂಟ್ ಅಲ್ಲ. ಸಾಮಾನ್ಯವಾಗಿ 5 ಮಿಲಿಗ್ರಾಂದು ದಿನಕ್ಕ ಮೂರು ಸಲ, ತಾರೀಖಿನ ಮೂರು ದಿನ ಮೊದಲೇ ಶುರು ಮಾಡಬೇಕು. ನಿಲ್ಲಿಸಿದ ಎರಡು-ಮೂರು ದಿನಕ್ಕ ಮುಟ್ಟು ಬಂದೇ ಬರ್ತದ. ರಕ್ತನಾಳದಾಗ ರಕ್ತ ಹೆಪ್ಪುಗಟ್ಟಿದವರು, ಲಿವರ್ ಬ್ಯಾನಿ ಇದ್ದವರು, ಎದಿ ಕ್ಯಾನ್ಸರ್ ಆದವರು ಇದನ್ನ ತಗೋಬಾರದು. ಇದನ್ನೆಲ್ಲಾ ಕೇಳಿ ಕೊಡಬೇಕಾದವರು ಡಾಕ್ಟರು. ನಾವು ಕೇಳ್ತೀವೇನು? ಸಕ್ಕರಿ ಕಡ ಕೊಟ್ಟಂಗ ಗೋಡಿ ಮ್ಯಾಲಿಂದ ಕೊಡ್ತೀವಿ.

ನನಗ ಇನ್ನೊಂದು ಮಾತು ಹೆಚ್ಚು ಕೊರೀತದ. ಮುಟ್ಟು ಬ್ಯಾನಿ ಅಲ್ಲ. ಬ್ಯಾನಿ ಇರೋದು ಮನಿಗೆ. ನಲವತ್ತು ಮಂದಿ ಉಣ್ಣೋ ಮನ್ಯಾಗ ಹೂರಣ ರುಬ್ಬಲಿಕ್ಕೆ ಎರಡೇ ಜೋಡಿ ಕೈ ಅಂದ್ರ ಅದು ಬ್ಯಾನಿ. ಗುಳಿಗಿ ಮಾತ್ರ ಸೊಸಿ ಬಾಯಾಗ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಅಂತಾರಲ್ಲ, ಇದೇ ಅದು.

ಡಬ್ಬಿ ಇನ್ನಷ್ಟು ಕೆದರಿ ನೋಡಿದೆ. ಸೊಂಟಕ್ಕ ಡೈಕ್ಲೋಫಿನ್ಯಾಕ್, ಎದಿ ಉರಿಗೆ ಪ್ಯಾಂಟೊಪ್ರಜೋಲ್, ತಲಿಶೂಲಿಗೆ ಮತ್ತೊಂದು ಪಟ್ಟಿ. ಐದೂವರಿಗೆ ಎದ್ದು ಎಲ್ಲಾರ ಡಬ್ಬಿ ಕಟ್ಟಿ, ಬರೇ ಚಹಾದ ಮ್ಯಾಲೆ ಹನ್ನೊಂದರ ತನಕ ನಿಂತ್ರ ಎದಿ ಉರೀದ ಏನಾಗ್ತದ? ನೋವಿನ ಗುಳಿಗಿ ಹೊಟ್ಟಿ ಸುಡ್ತದ, ಅದಕ್ಕ ಇನ್ನೊಂದು ಗುಳಿಗಿ. ಭಾಳ ದಿನ ನುಂಗಿದ್ರ ಕಿಡ್ನಿಗೂ ಪೆಟ್ಟು. ತಲಿಶೂಲಿ, ಸುಸ್ತು ರಕ್ತ ಕಡಿಮಿ ಆಗಿದ್ದಕ್ಕೂ ಬರ್ತಾವ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಾಗ 15ರಿಂದ 49 ವಯಸ್ಸಿನ ಹೆಣ್ಮಕ್ಕಳಾಗ ನೂರಕ್ಕ 57 ಮಂದಿಗೆ ರಕ್ತ ಕಡಿಮಿ ಅದ. ರಕ್ತ ತಪಾಸಣಿ ಬಿಟ್ಟು ಗುಳಿಗಿ ನುಂಗಿ ಒಲಿ ಮುಂದ ನಿಂತ್ರ ಅದು ಯಾರಿಗೆ ಗೊತ್ತಾಗಬೇಕು?

2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯೊಳಗ ಮನಿಗೆಲಸ ಮಾಡೋ ಹೆಂಗಸರು ಅದಕ್ಕ ದಿನಾ 299 ನಿಮಿಷ ಕೊಡ್ತಾರ, ಮಾಡೋ ಗಂಡಸರು 97 ನಿಮಿಷ ಅಂತ ಬಂತು. ಈ ಲೆಕ್ಕ ಸರಿ ಮಾಡೋ ಗುಳಿಗಿ ಯಾವ ಅಂಗಡ್ಯಾಗೂ ಸಿಗಂಗಿಲ್ಲ.

"ನಮ್ಮ ಕಾಲದಾಗ ಹೊರಗ ಕೂಡತಿದ್ವಿ, ಅದಕ್ಕಿಂತ ಗುಳಿಗಿ ಚಲೋ ಅಲ್ಲೇನು?" ಅಂತ ನನ್ನ ಅತ್ತಿ ಕೇಳ್ತಾರ. ಮೂಲ್ಯಾಗ ಚಾಪಿ ಮ್ಯಾಲೆ ಕೂತದ್ದನ್ನ ನಾನೂ ಹೊಗಳಂಗಿಲ್ಲ. ಆದ್ರ ಆಗ ಮೂರು ದಿನ ಒಲಿ ಮುಂದ ಮತ್ಯಾರರೆ ನಿಲ್ಲತಿದ್ರು. ಈಗ ಮಡಿ ಹಂಗೇ ಉಳೀತು, ಬಿಡುವು ಮಾತ್ರ ಹೋತು.

ತಪ್ಪು ತಿಳ್ಕೋಬ್ಯಾಡ್ರಿ. ಬಿಪಿ, ಸಕ್ಕರಿ, ಥೈರಾಯ್ಡ್, ಮನಸ್ಸಿನ ಡಾಕ್ಟರು ಕೊಟ್ಟಿದ್ದು, ಇವನ್ನ ಒಂದು ದಿನಾನೂ ತಪ್ಪಿಸಬ್ಯಾಡ್ರಿ. ಮುಟ್ಟಿನ ನೋವು ತಡೀಲಾರದವರು ನೋವು ನುಂಗಿ ಕೂಡಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ. ನಾನು ಹೇಳೋದು, ಜಡ್ಡು ಇಲ್ಲದಾಗ ಕೆಲಸ ನಡೀಲಿ ಅಂತ ನುಂಗೋ ಗುಳಿಗಿ ಮಾತು.

ಅವತ್ತು ಆ ಹುಡಿಗಿ ಜೋಡಿ ಅವರ ಮನಿಗೆ ಹೋದೆ. ಅವರತ್ತಿ ಮುಂದ ದೀಪಾವಳಿ ವಾಂತಿ ಸುದ್ದಿ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಪಂಚಾಂಗ ತಗದ್ರು. ಪೂಜಾ ಹುಣ್ಣಿವಿಗೆ ಸರೀತು. ಸತ್ಯನಾರಾಯಣ ಎಲ್ಲಿಗೂ ಓಡಿ ಹೋಗಂಗಿಲ್ಲ. ಆಕಿ ಗಂಡ ಹೂರಣ ರುಬ್ಬಿಕೊಡ್ತೀನಿ ಅಂದಾನ, ರುಬ್ಬೋದನ್ನ ನೋಡಲಿಕ್ಕೆ ನಾನೇ ಹೋಗಾಕಿ.

ನೀವೂ ನಿಮ್ಮ ಡಬ್ಬಿ ಒಮ್ಮೆ ತಗೀರಿ. ಒಂದೊಂದು ಪಟ್ಟಿ ಕೈಯಾಗ ಹಿಡದು ಕೇಳ್ಕೋರಿ: ಇದು ನನ್ನ ಮೈಗೆ ಬೇಕೋ, ಮನಿಗೆ ಬೇಕೋ? ಮನಿಗೆ ಬೇಕು ಅಂತ ಉತ್ತರ ಬಂದ್ರ, ಮನ್ಯಾಗಿನವರನ್ನೆಲ್ಲಾ ಕರದು ಕೂಡಿಸಿ ಮಾತಾಡ್ರಿ. ಮತ್ತ ಸೊಸಿ ಬಂದು ಗುಳಿಗಿ ಕೇಳಿದ್ರ, ಮೊದಲು ಯಾಕ ಅಂತ ಕೇಳ್ರಿ.