ಗಾಜಿನ ಮೇಲೆ ಬಿದ್ದ ಮುಖ

ಅಜ್ಜಂಪುರದ ಸೋದರಿಯೊಬ್ಬರು ಬರೆದಿದ್ದಾರೆ: “ಕಡೂರಿಗೆ ಮದುವೆಗೆ ಹೋಗಿದ್ದಾಗ ರಾತ್ರಿ ಜವಳಿ ಅಂಗಡಿಯ ಗಾಜಿನೊಳಗೆ ಗೊಂಬೆಗೆ ಉಡಿಸಿದ್ದ ಸೀರೆಯ ಫೋಟೋ ತೆಗೆದೆ. ಸೀರೆ ಬರಲಿಲ್ಲ, ನಾನೇ ದೆವ್ವದ ಹಾಗೆ ಬಂದಿದ್ದೇನೆ. ಮಧ್ಯೆ ಬೆಳ್ಳನೆಯ ಚುಕ್ಕೆ ಬೇರೆ. ಫೋನು ಕೆಟ್ಟಿದೆಯೇ? ಕತ್ತಲಲ್ಲಿ ಹೆಂಗಸು ಬೀದೀಲಿ ನಿಂತು ಇದೆಲ್ಲ ಮಾಡೋದಾ ಅಂತ ಅತ್ತೆ ಬೈದರು.”

ಫೋನು ಕೆಟ್ಟಿಲ್ಲಮ್ಮಾ. ಆ ಚುಕ್ಕೆ ನಿಮ್ಮದೇ ಫ್ಲ್ಯಾಷು. ಗಾಜು ಅಂದರೆ ಕನ್ನಡಿಯ ತಂಗಿ. ಎದುರಿನಿಂದ ಬೆಳಕು ಬಿಟ್ಟರೆ ಹಾಗೇ ವಾಪಸು ಕಳಿಸುತ್ತೆ. ಫ್ಲ್ಯಾಷ್ ಆರಿಸಿ. ಸೀರೆಯ ಅಂಚು, ಬುಟ್ಟಾ ಸಾಕೆಂದರೆ ಫೋನನ್ನು ಗಾಜಿಗೆ ತಾಗಿಸಿ ಹಿಡಿಯಿರಿ, ಪ್ರತಿಬಿಂಬವೇ ಬರೋಲ್ಲ. ಇಡೀ ಸೀರೆ ಬೇಕಾದರೆ ಹಿಂದೆ ಸರಿದು ಕೊಂಚ ಓರೆಯಾಗಿ ನಿಲ್ಲಿ. ಅವತ್ತು ಕಡುಬಣ್ಣದ ಸೀರೆ ಉಟ್ಟಿದ್ದರೆ ಒಳ್ಳೇದು. ಜರಿ ಬೆಳ್ಳಗೆ ಸುಟ್ಟ ಹಾಗೆ ಕಂಡರೆ ಪರದೆಯ ಮೇಲೆ ಜರಿಯನ್ನೇ ಮುಟ್ಟಿ ಬೆಳಕು ತಗ್ಗಿಸಿ. ಮೊದಲು ಲೆನ್ಸ್ ಒರೆಸಿ! ಒಗ್ಗರಣೆ ಕೈ ತಾಗಿದ್ದರೆ ದೀಪಕ್ಕೆಲ್ಲ ಮಂಜು ಕವಿದಂತಿರುತ್ತೆ. ದೀಪ ಹಚ್ಚಿದ ಮೇಲೂ ಆಕಾಶದಲ್ಲಿ ನೀಲಿ ಉಳಿದಿರುವ ಹೊತ್ತೇ ಇದಕ್ಕೆ ಚೆನ್ನ.

ಅಂಗಡಿಯವರನ್ನು ಒಂದು ಮಾತು ಕೇಳಿ. ತರೀಕೆರೆಯಲ್ಲಿ ನಾನು ಕೇಳದೆ ತೆಗೆಯಲು ಹೋಗಿ, “ಯಾವ ಅಂಗಡಿಯವರು ಕಳಿಸಿದ್ದಮ್ಮಾ?” ಅನ್ನಿಸಿಕೊಂಡೆ.

ಆದರೆ ನೀವು ಬಂದಿರುವ ಆ ಫೋಟೋ ಅಳಿಸಬೇಡಿ. ಪ್ಯಾರಿಸ್ಸಿನ ಯೂಜೀನ್ ಅಟ್ಜೆ 1925ರಲ್ಲಿ ಬಟ್ಟೆ ಅಂಗಡಿಯೊಂದರ ಗಾಜಿನ ಚಿತ್ರ ತೆಗೆದಾಗ, ಎದುರಿನ ಕಟ್ಟಡ, ಮರ ಎಲ್ಲ ಗೊಂಬೆಗಳ ಮೇಲೇ ಬಿದ್ದಿದ್ದವು. ಅದು ಹಗಲಿನ ಚಿತ್ರ. ಅದನ್ನೀಗ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಇನ್ನು ಅತ್ತೆಯವರ ಮಾತು. ತರೀಕೆರೆಗೆ ನಾನು ನಮ್ಮ ಅತ್ತೆಯವರನ್ನೂ ಕರೆದುಕೊಂಡೇ ಹೋಗಿದ್ದೆ. ಮೊದಲು ಅವರೂ ಗೊಣಗಿದರು. ಪಾತ್ರೆ ಅಂಗಡಿಯ ಮುಂದೆ ಮಾತ್ರ ನಿಂತವರು ಕದಲಲೇ ಇಲ್ಲ. “ದೀಪ ಹಚ್ಚಿದ ಮೇಲೆ ಪೇಟೇಲಿ ಸುಮ್ಮನೆ ನಿಂತಿದ್ದು ಇದೇ ಮೊದಲು ಕಣೇ. ಯಾವಾಗಲೂ ಕೈಯಲ್ಲಿ ಚೀಲ, ತಲೆಯಲ್ಲಿ ಅಡಿಗೆ,” ಅಂದರು. ಎಪ್ಪತ್ತೆರಡು ವರ್ಷ ಅವರಿಗೆ. ನಾನು ಒಂದು ಫೋಟೋ ತೆಗೆದೆ. ಮೇಲೆ ಹೇಳಿದ ಉಪಾಯವೊಂದನ್ನೂ ಮಾಡದೆ ತೆಗೆದದ್ದು, ಹಾಗಾಗಿ ಹಿತ್ತಾಳೆ ಕೊಳಗಗಳ ಮೇಲೆ ಅವರ ಮುಖ ತೇಲುತ್ತಿದೆ. ಇನ್ನೊಂದು ತೆಗೆಯುತ್ತೇನೆ ಅಂದರೆ ಬೇಡವೇ ಬೇಡ ಅಂದುಬಿಟ್ಟರು.

ಮುಂದಿನ ಸಲ ಕಡೂರಿಗೆ ನಿಮ್ಮ ಅತ್ತೆಯವರನ್ನೂ ಹೊರಡಿಸಿ. ಹೇಗೆ ಬಂತು, ಬರೆಯಿರಿ.