ಕುಟುಂಬ ಮತ್ತು ಆರೋಗ್ಯ: ದಾನವಾಗಿ ಬಂದ ಉಸಿರನ್ನು ಕಾಯುವ ಬಗೆ



ಕಳೆದ ತಿಂಗಳು ನಮಗೆ ತಲಪಿದ ಪತ್ರಗಳ ಪೈಕಿ ಒಂದನ್ನು ಓದಿ ಬದಿಗಿರಿಸಲು ನಮ್ಮಿಂದಾಗಲಿಲ್ಲ. ಮಲೆನಾಡಿನ ಅಂಚಿನ ಹಳ್ಳಿಯೊಂದರ ಹಿರಿಯರು ಬರೆದ ಪತ್ರವದು. ನಲವತ್ತರ ಆಸುಪಾಸಿನ ಅವರ ಮಗನಿಗೆ ಶ್ವಾಸಕೋಶಗಳು ನಾರುಗಟ್ಟಿ ಗಡುಸಾಗುವ ವ್ಯಾಧಿ. ಆಮ್ಲಜನಕದ ನಳಿಕೆ ಇಲ್ಲದೆ ಆತ ಈಗ ಬಚ್ಚಲುಮನೆಯವರೆಗೂ ನಡೆಯಲಾರ. ಶ್ವಾಸಕೋಶದ ಕಸಿಯೊಂದೇ ಉಳಿದಿರುವ ದಾರಿಯೆಂದು ವೈದ್ಯರು ಹೇಳಿದ್ದಾರಂತೆ. "ಇರುವ ಎರಡೆಕರೆ ತೋಟವನ್ನು ಮಾರಿಯಾದರೂ ಮಾಡಿಸೋಣವೆಂದು ಸೊಸೆ ಹೇಳುತ್ತಾಳೆ. ಮಾಡಿಸಿದರೆ ಮಗ ಮೊದಲಿನಂತಾಗುವನೇ? ಎಷ್ಟು ಕಾಲ ಬಾಳುವನು? ತಾವು ಮುಚ್ಚುಮರೆಯಿಲ್ಲದೆ ಬರೆಯಬೇಕು" ಎಂಬುದು ಅವರ ಕೋರಿಕೆ.

ಮುಚ್ಚುಮರೆಯಿಲ್ಲದೆ ಬರೆಯುವುದೇ ಇಂತಹ ಪ್ರಶ್ನೆಗೆ ಸಲ್ಲಿಸಬಹುದಾದ ಗೌರವ. ಚಿಕಿತ್ಸೆಯ ನಿರ್ಣಯವು ವೈದ್ಯರಿಗೂ ಮನೆಯವರಿಗೂ ಸೇರಿದುದು. ಆ ನಿರ್ಣಯವನ್ನು ಕೈಗೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ನಿರೂಪಿಸುವುದಷ್ಟೇ ನಮ್ಮ ಉದ್ದೇಶ.

ಈ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಅರಿತರೆ ಅದರ ಕಷ್ಟವೂ ಅರಿವಾಗುತ್ತದೆ. ಮನುಷ್ಯನಿಗೆ ಮೊದಲ ಬಾರಿಗೆ ಶ್ವಾಸಕೋಶವನ್ನು ಕಸಿ ಮಾಡಿದವರು ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ಡಾ. ಜೇಮ್ಸ್ ಹಾರ್ಡಿ, ಅದು 1963ರ ಜೂನ್ ತಿಂಗಳು. ಆ ರೋಗಿ ಬದುಕಿದ್ದು 18 ದಿನಗಳು ಮಾತ್ರ. ಅನಂತರದ ಇಪ್ಪತ್ತು ವರ್ಷಗಳಲ್ಲಿ ಹಲವು ದೇಶಗಳಲ್ಲಿ ಸುಮಾರು ನಲವತ್ತು ಪ್ರಯತ್ನಗಳು ನಡೆದವಾದರೂ ಬಹುಪಾಲು ರೋಗಿಗಳು ದಿನಗಳಲ್ಲಿ ಅಥವಾ ವಾರಗಳಲ್ಲಿ ತೀರಿಕೊಂಡರು. ಹೊಸ ಶ್ವಾಸಕೋಶವನ್ನು ದೇಹವು ಪರಕೀಯವೆಂದು ತಿರಸ್ಕರಿಸುತ್ತಿತ್ತು. ಇಲ್ಲವೇ ಸೋಂಕು ತಗುಲುತ್ತಿತ್ತು. ಇಲ್ಲವೇ ಶ್ವಾಸನಾಳವನ್ನು ಹೊಲಿದ ಜಾಗವು ಕೂಡಿಕೊಳ್ಳದೆ ಬಿಟ್ಟುಹೋಗುತ್ತಿತ್ತು.

ಕಾಲ ತಿರುಗಿದ್ದು 1983ರ ನವೆಂಬರಿನಲ್ಲಿ. ಕೆನಡಾ ದೇಶದ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಡಾ. ಜೋಯೆಲ್ ಕೂಪರ್ ಮತ್ತು ಅವರ ಸಂಗಡಿಗರು 58 ವರ್ಷದ ರೋಗಿಯೊಬ್ಬರಿಗೆ ಒಂದು ಶ್ವಾಸಕೋಶವನ್ನು ಕಸಿ ಮಾಡಿದರು. ನಮ್ಮ ಪತ್ರದ ಹಿರಿಯರ ಮಗನಿಗಿರುವಂತೆಯೇ ಆ ರೋಗಿಗೂ ಶ್ವಾಸಕೋಶ ನಾರುಗಟ್ಟಿತ್ತು. ಹೊಲಿಗೆ ಮಾಯಲು ಅಡ್ಡಿಯಾಗುವುದೆಂದು ಕಂಡುಬಂದಿದ್ದ ಸ್ಟೀರಾಯ್ಡ್ ಔಷಧವನ್ನು ಆರಂಭದ ದಿನಗಳಲ್ಲಿ ತಗ್ಗಿಸಿ, ಶಿಲೀಂಧ್ರವೊಂದರಿಂದ ದೊರೆತ ಸೈಕ್ಲೋಸ್ಪೋರಿನ್ ಎಂಬ ಹೊಸ ಔಷಧವನ್ನು ಆಶ್ರಯಿಸಿದ್ದು ಅವರ ಯಶಸ್ಸಿನ ಒಂದು ಗುಟ್ಟು. ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ಮೇಲಕ್ಕೆ ತಂದು ಶ್ವಾಸನಾಳದ ಹೊಲಿಗೆಗೆ ಸುತ್ತಿ ರಕ್ತಸಂಚಾರ ಒದಗಿಸಿದ್ದು ಇನ್ನೊಂದು ಗುಟ್ಟು. ಆ ರೋಗಿ ಆರು ವರ್ಷಗಳಿಗೂ ಮಿಕ್ಕಿ ಬಾಳಿದರು. ಅದೇ ಆಸ್ಪತ್ರೆಯಲ್ಲಿ 1986ರಲ್ಲಿ ಎರಡೂ ಶ್ವಾಸಕೋಶಗಳ ಕಸಿಗೆ ಒಳಗಾದ ಮಹಿಳೆಯೊಬ್ಬರು 2001ರವರೆಗೆ ಜೀವಿಸಿದ್ದರು.

ಹಾಗಾದರೆ ಇಂದಿನ ಸ್ಥಿತಿಯೇನು? ಹೃದಯ ಮತ್ತು ಶ್ವಾಸಕೋಶ ಕಸಿಯ ಅಂತರರಾಷ್ಟ್ರೀಯ ಸಂಘವು ಅನೇಕ ದೇಶಗಳ ಲೆಕ್ಕವನ್ನು ಕಲೆಹಾಕುತ್ತ ಬಂದಿದೆ. ಅದರಂತೆ 2010ರಿಂದ 2017ರ ನಡುವೆ ಕಸಿಗೆ ಒಳಗಾದ ವಯಸ್ಕರಲ್ಲಿ ಅರ್ಧದಷ್ಟು ಜನ 6.7 ವರ್ಷಗಳಿಗಿಂತ ಹೆಚ್ಚು ಕಾಲ ಬದುಕಿದರು. ಉಳಿದರ್ಧ ಅದಕ್ಕೂ ಮೊದಲೇ ತೀರಿಕೊಂಡರು. ಮೊದಲ ವರ್ಷವನ್ನು ದಾಟುವವರು ನೂರಕ್ಕೆ ಸುಮಾರು 85 ಮಂದಿ. ಐದು ವರ್ಷ ದಾಟುವವರು ಅರ್ಧಕ್ಕಿಂತ ಕೊಂಚ ಹೆಚ್ಚು. ಮೊದಲ ವರ್ಷವನ್ನು ಕ್ಷೇಮವಾಗಿ ಕಳೆದವರ ಭವಿಷ್ಯವು ಈ ಸರಾಸರಿಗಿಂತ ಉತ್ತಮ. ಆದರೂ ಮೂತ್ರಪಿಂಡ ಅಥವಾ ಯಕೃತ್ತಿನ ಕಸಿಯಷ್ಟು ದೀರ್ಘ ಬಾಳಿಕೆ ಶ್ವಾಸಕೋಶಕ್ಕೆ ಇನ್ನೂ ಒದಗಿಲ್ಲ.

ಇದಕ್ಕೆ ಕಾರಣ ಆ ಅಂಗದ ಸ್ವಭಾವದಲ್ಲಿಯೇ ಇದೆ. ಮೂತ್ರಪಿಂಡವು ದೇಹದ ಒಳಗೆ ಮುಚ್ಚಿದ ಕೋಣೆಯಲ್ಲಿ ಕುಳಿತ ಅಂಗ. ಶ್ವಾಸಕೋಶವಾದರೋ ಸದಾ ಬಾಗಿಲು ತೆರೆದ ಮನೆ. ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಬಾರಿ ಹೊರಗಿನ ಗಾಳಿಯು ಧೂಳು, ಹೊಗೆ, ರೋಗಾಣುಗಳ ಸಮೇತ ಒಳಹೊಕ್ಕು ಹೋಗುತ್ತದೆ. ಕಸಿಯ ವೇಳೆ ನರಗಳು ತುಂಡಾಗಿರುವುದರಿಂದ ಹೊಸ ಶ್ವಾಸಕೋಶದೊಳಗೆ ಕಫ ಸೇರಿದರೂ ಕೆಮ್ಮು ತಾನಾಗಿ ಬರುವುದಿಲ್ಲ. ಇದರ ಮೇಲೆ, ದೇಹವು ಹೊಸ ಅಂಗವನ್ನು ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ಔಷಧಗಳಿಂದ ಉದ್ದೇಶಪೂರ್ವಕವಾಗಿ ಕುಗ್ಗಿಸಿರಲಾಗುತ್ತದೆ. ಬಾಗಿಲು ತೆರೆದ ಮನೆಗೆ ಕಾವಲುಗಾರರನ್ನೂ ಕಡಿಮೆ ಮಾಡಿದಂತೆ ಇದು. ಕಾವಲು ಹೆಚ್ಚಾದರೆ ಅಂಗದ ತಿರಸ್ಕಾರ, ಕಡಿಮೆಯಾದರೆ ಸೋಂಕು. ಇವೆರಡರ ನಡುವಣ ಕಿರಿದಾದ ಹಾದಿಯಲ್ಲಿ ರೋಗಿಯು ಜೀವಮಾನವಿಡೀ ನಡೆಯಬೇಕಾಗುತ್ತದೆ.

ತೊಡಕುಗಳನ್ನು ಕಾಲಕ್ರಮದಲ್ಲಿ ಹೇಳುವುದಾದರೆ, ಮೊದಲನೆಯದು ಶಸ್ತ್ರಚಿಕಿತ್ಸೆಯ ನಂತರದ 72 ಗಂಟೆಗಳೊಳಗೆ ಕಾಣಿಸಿಕೊಳ್ಳುವಂಥದು. ಹೊಸ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಅದು ಕೆಲಸಕ್ಕೆ ತೊಡಗಲು ನಿರಾಕರಿಸುತ್ತದೆ. ಕೆಲವರಿಗೆ ಕೃತಕ ಉಸಿರಾಟದ ಯಂತ್ರವನ್ನು ಹೆಚ್ಚು ದಿನ ಇಡಬೇಕಾಗುತ್ತದೆ. ಮುಂದಿನ ವಾರಗಳಲ್ಲಿ ಶ್ವಾಸನಾಳದ ಹೊಲಿಗೆಯ ಜಾಗ ಕಿರಿದಾಗಬಹುದು. ಅದನ್ನು ದುರ್ಬೀನಿನಂತಹ ನಳಿಕೆ ಇಳಿಸಿ ಹಿಗ್ಗಿಸುತ್ತಾರೆ. ಮೊದಲ ವರ್ಷದಲ್ಲಿ ತೀವ್ರ ತಿರಸ್ಕಾರದ ಪ್ರಸಂಗಗಳು ಬರುವುದುಂಟು. ಸಕಾಲದಲ್ಲಿ ಪತ್ತೆಯಾದರೆ ಬಹುತೇಕ ವಾಸಿಯಾಗುತ್ತವೆ. ಸೋಂಕುಗಳಲ್ಲಿ ಬ್ಯಾಕ್ಟೀರಿಯಾಗಳಲ್ಲದೆ ಸೈಟೊಮೆಗಾಲೊ ಎಂಬ ವೈರಾಣು ಮತ್ತು ಆಸ್ಪರ್ಜಿಲಸ್ ಎಂಬ ಬೂಷ್ಟು ವಿಶೇಷವಾಗಿ ಕಾಡುತ್ತವೆ. ನಮ್ಮ ದೇಶದಲ್ಲಿ ಕ್ಷಯರೋಗದ ಮೇಲೂ ಕಣ್ಣಿಟ್ಟಿರಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಸದ್ದಿಲ್ಲದೆ ಬರುವ ದೀರ್ಘಕಾಲಿಕ ತಿರಸ್ಕಾರ. ಸಣ್ಣ ಸಣ್ಣ ಗಾಳಿಕೊಳವೆಗಳು ಗಾಯಗೊಂಡು, ಕಲೆಗಟ್ಟಿ, ಕ್ರಮೇಣ ಮುಚ್ಚಿಕೊಳ್ಳುತ್ತವೆ. ಐದು ವರ್ಷ ತುಂಬುವಷ್ಟರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಇದು ತಲೆದೋರುತ್ತದೆ. ಒಮ್ಮೆ ಕಳೆದುಹೋದ ಶಕ್ತಿಯನ್ನು ಮರಳಿ ತರುವುದು ಬಹುಮಟ್ಟಿಗೆ ಅಸಾಧ್ಯ. ಕುಸಿತದ ವೇಗವನ್ನು ತಡೆಯುವುದೇ ಚಿಕಿತ್ಸೆಯ ಗುರಿ. ಆದಕಾರಣವೇ ಕಸಿ ಮಾಡಿಸಿಕೊಂಡವರು ಮನೆಯಲ್ಲಿ ಸ್ಪೈರೋಮೀಟರ್ ಎಂಬ ಪುಟ್ಟ ಉಪಕರಣಕ್ಕೆ ಪ್ರತಿದಿನವೂ ಊದಿ ಅಂಕಿಯನ್ನು ಬರೆದಿಡಬೇಕು. ಆ ಅಂಕಿ ನೂರಕ್ಕೆ ಹತ್ತರಷ್ಟು ಇಳಿದು ಹಾಗೆಯೇ ನಿಂತರೆ, ಆಯಾಸವೇನೂ ಕಾಣದಿದ್ದರೂ ಆಸ್ಪತ್ರೆಗೆ ತಿಳಿಸಬೇಕು.

ಔಷಧಗಳೂ ತಮ್ಮ ಬೆಲೆಯನ್ನು ಕೇಳುತ್ತವೆ. ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್‌ಗಳು ವರ್ಷಗಳ ಬಳಕೆಯಿಂದ ಮೂತ್ರಪಿಂಡಗಳನ್ನು ಕುಂದಿಸುತ್ತವೆ, ರಕ್ತದೊತ್ತಡವನ್ನು ಏರಿಸುತ್ತವೆ. ಸ್ಟೀರಾಯ್ಡ್ ಮಧುಮೇಹವನ್ನು ತರಬಹುದು, ಮೂಳೆಗಳನ್ನು ಟೊಳ್ಳಾಗಿಸಬಹುದು. ಚರ್ಮದ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರಿನ ಸಂಭವವೂ ಇತರರಿಗಿಂತ ಹೆಚ್ಚು. ಹೀಗಿರುವುದರಿಂದ, ಕಸಿಯೆಂದರೆ ರೋಗದಿಂದ ಸಂಪೂರ್ಣ ಬಿಡುಗಡೆಯಲ್ಲ. ಪ್ರಾಣ ತೆಗೆಯುವ ರೋಗವೊಂದನ್ನು ಕೊಟ್ಟು, ಕಾಯ್ದುಕೊಂಡರೆ ಬಾಳಬಹುದಾದ ಇನ್ನೊಂದು ಸ್ಥಿತಿಯನ್ನು ಪಡೆಯುವುದು. "ಮಗ ಮೊದಲಿನಂತಾಗುವನೇ?" ಎಂಬ ಪ್ರಶ್ನೆಗೆ ನಮ್ಮ ಉತ್ತರವಿದು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾದೀತು. ಯಶಸ್ವಿಯಾದ ಕಸಿಯ ನಂತರ ಬಹುಮಂದಿ ಆಮ್ಲಜನಕದ ನಳಿಕೆಯನ್ನು ತೆಗೆದಿಟ್ಟು ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ಉಸಿರು ಕಟ್ಟದೆ ಊಟ ಮಾಡುತ್ತಾರೆ, ಹಲವರು ಕೆಲಸಕ್ಕೂ ಮರಳುತ್ತಾರೆ. ಐದಾರು ವರ್ಷವೆಂದರೆ ಮಗಳು ಶಾಲೆ ಮುಗಿಸಿ ಕಾಲೇಜು ಸೇರುವಷ್ಟು ಕಾಲ. ತಂದೆಯಾದವನಿಗೆ ಅದು ಅಲ್ಪವಲ್ಲ.

ಹೀಗೆ ದೊರೆತ ಕಾಲ ಉಳಿಯುವುದು ಬಹುಪಾಲು ಮನೆಯವರ ಶಿಸ್ತಿನಿಂದ. ಔಷಧವನ್ನು ದಿನದಿನವೂ ಅದೇ ಗಂಟೆಗೆ ಕೊಡಬೇಕು. ಜಾತ್ರೆ, ಮದುವೆ, ಪ್ರಯಾಣಗಳ ನೆಪದಲ್ಲಿ ಒಂದು ಹೊತ್ತೂ ತಪ್ಪಬಾರದು. ಚಕ್ಕೋತ ಹಣ್ಣು ಈ ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುವುದರಿಂದ ಅದನ್ನು ಮನೆಗೇ ತರದಿರುವುದು ಲೇಸು. ಕಷಾಯ, ಚೂರ್ಣ, ಲೇಹ್ಯಗಳನ್ನು ಎಷ್ಟೇ ಪ್ರೀತಿಯಿಂದ ಯಾರೇ ಕೊಡಲಿ, ಕಸಿ ಮಾಡಿದ ವೈದ್ಯರನ್ನು ಕೇಳದೆ ಸೇವಿಸಲಾಗದು. ಕಾಯಿಸದ ಹಾಲು, ಹಸಿ ಮೊಳಕೆಕಾಳು, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು ಬೇಡ. ಹುಲ್ಲಿನ ಬಣವೆ, ತಿಪ್ಪೆ, ಒಕ್ಕಣೆಯ ಕಣ, ಕೊಳೆತ ಎಲೆಯ ರಾಶಿಗಳಲ್ಲಿ ಬೂಷ್ಟಿನ ಕಣಗಳು ಹೇರಳವಾಗಿರುವುದರಿಂದ ಅಂತಹ ಕೆಲಸಗಳಿಂದ ರೋಗಿಯನ್ನು ದೂರವಿಡಬೇಕು. ಸೂರಿನಲ್ಲಿ ಪಾರಿವಾಳಗಳು ಗೂಡು ಕಟ್ಟದಂತೆ ನೋಡಿಕೊಳ್ಳಬೇಕು; ಅವುಗಳ ಹಿಕ್ಕೆಯ ಧೂಳು ಆರೋಗ್ಯವಂತರ ಶ್ವಾಸಕೋಶವನ್ನೂ ಕೆಡಿಸಬಲ್ಲದು. ಸೌದೆ ಒಲೆಯ ಹೊಗೆ, ಬೀಡಿ ಸಿಗರೇಟಿನ ಹೊಗೆ ಮನೆಯೊಳಗೆ ಸುಳಿಯಕೂಡದು. ದೇವರ ಕೋಣೆಯ ಧೂಪವನ್ನೂ ಹೊರಗೆ ತೋರಿದರೆ ಭಕ್ತಿಗೆ ಕುಂದಿಲ್ಲ. ನೂರರ ಮೇಲೆ ಜ್ವರ ಬಂದರೆ "ನಾಳೆ ನೋಡೋಣ" ಎನ್ನದೆ ಆ ದಿನವೇ ವೈದ್ಯರಿಗೆ ತಿಳಿಸಬೇಕು.

ಇನ್ನು ತೋಟದ ಪ್ರಶ್ನೆ. ಈ ವಿಷಯದಲ್ಲಿ ಆ ಹಿರಿಯರಿಗೂ ಅವರ ಸೊಸೆಗೂ ನಾವು ಹೇಳಬಯಸುವುದಿಷ್ಟು. ಶಸ್ತ್ರಚಿಕಿತ್ಸೆಯ ವೆಚ್ಚ ಆರಂಭವೇ ಹೊರತು ಅಂತ್ಯವಲ್ಲ. ಪ್ರತಿ ತಿಂಗಳ ಔಷಧ, ಪದೇ ಪದೇ ರಕ್ತಪರೀಕ್ಷೆ, ಆಸ್ಪತ್ರೆಯ ಸಮೀಪ ಹಲವು ತಿಂಗಳ ವಾಸ, ಅನಿರೀಕ್ಷಿತ ದಾಖಲಾತಿ ಇವೆಲ್ಲವೂ ಹಿಂದೆಯೇ ಬರುತ್ತವೆ. ಇದ್ದುದೆಲ್ಲವನ್ನೂ ಮೊದಲ ದಿನವೇ ಸುರಿದು, ಎರಡನೆಯ ವರ್ಷ ಔಷಧಕ್ಕೆ ಹಣವಿಲ್ಲದೆ ಹೋದರೆ ಕಸಿಯೂ ಉಳಿಯದು, ತೋಟವೂ ಉಳಿಯದು. ಆದುದರಿಂದ ಒಪ್ಪಿಗೆ ನೀಡುವ ಮುನ್ನ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ: ತಮ್ಮ ಆಸ್ಪತ್ರೆಯಲ್ಲಿ ಈವರೆಗೆ ಎಷ್ಟು ಕಸಿಗಳಾಗಿವೆ? ಅವರಲ್ಲಿ ಒಂದು ವರ್ಷ, ಮೂರು ವರ್ಷ ದಾಟಿದವರೆಷ್ಟು? ಒಂದು ಶ್ವಾಸಕೋಶವೋ ಎರಡೋ, ಯಾಕೆ? ತಿಂಗಳ ಔಷಧಕ್ಕೆ ಎಷ್ಟಾಗುತ್ತದೆ? ಮಾಡಿಸದಿದ್ದರೆ ರೋಗದ ಗತಿ ಏನು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಕಸಿ ಬೇಡವೆಂದು ನಿರ್ಧರಿಸುವ ಮನೆಯವರೂ ತಪ್ಪಿತಸ್ಥರಲ್ಲ. ಆಮ್ಲಜನಕ ಮತ್ತು ಉಸಿರಿನ ಸಂಕಟವನ್ನು ಶಮನಗೊಳಿಸುವ ಔಷಧಗಳೊಡನೆ ರೋಗಿಯ ಬಳಿ ಕುಳಿತು ಸೇವೆ ಮಾಡುವುದು ಸಹ ಚಿಕಿತ್ಸೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಮಗನ ಮನಸ್ಸೇನು ಎಂಬುದನ್ನು ಅವನ ಬಾಯಿಂದಲೇ ಕೇಳಿರಿ. ಪತ್ರದಲ್ಲಿ ತಂದೆಯ ಮಾತಿದೆ, ಸೊಸೆಯ ಮಾತಿದೆ. ಅವನ ಮಾತೊಂದು ಕಾಣಲಿಲ್ಲ.

ಕಡೆಯದಾಗಿ, ಕಸಿಗೆ ಶ್ವಾಸಕೋಶ ಎಲ್ಲಿಂದ ಬರುತ್ತದೆ ಎಂಬುದನ್ನು ನಾವೆಲ್ಲರೂ ಯೋಚಿಸಬೇಕು. ನಮ್ಮಲ್ಲಿ ಅದು ಬರುವುದು, ಮಿದುಳು ಶಾಶ್ವತವಾಗಿ ನಿಷ್ಕ್ರಿಯಗೊಂಡ ವ್ಯಕ್ತಿಯೊಬ್ಬನ ಬಂಧುಗಳು ತಮ್ಮ ದುಃಖದ ನಡುವೆಯೂ ಒಪ್ಪಿಗೆ ಕೊಟ್ಟಾಗ. 1994ರ ಕಾಯಿದೆಯ ಪ್ರಕಾರ ವೈದ್ಯರ ಮಂಡಲಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಸಾವನ್ನು ದೃಢೀಕರಿಸಬೇಕು. ಕರ್ನಾಟಕದಲ್ಲಿ ಅಂಗಾಂಗಗಳ ಹಂಚಿಕೆಯನ್ನು ಜೀವ ಸಾರ್ಥಕತೆ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. 2021ರ ಜೂನ್ ತಿಂಗಳಿನಲ್ಲಿ ರಸ್ತೆ ಅಪಘಾತದಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಅವರ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದ್ದನ್ನೂ, ಬಳಿಕ ಹುಟ್ಟೂರಾದ ಪಂಚನಹಳ್ಳಿಯಲ್ಲಿ ಅಂತ್ಯಕ್ರಿಯೆ ನಡೆದುದನ್ನೂ ನಾಡು ಕಂಡಿದೆ. ಅಂಗಗಳನ್ನು ತೆಗೆದ ನಂತರ ದೇಹವನ್ನು ಹೊಲಿದು ಗೌರವಪೂರ್ವಕವಾಗಿ ಮರಳಿಸುತ್ತಾರೆ. ಸಮಾಧಿ ಸಂಸ್ಕಾರಕ್ಕೆ ತೊಡಕಾದೀತೆಂಬ ಅಳುಕನ್ನು ನಮ್ಮ ಮನೆಗಳು ಬಿಡಬಹುದು. ಉಣಿಸಿ ಉಣ್ಣುವುದನ್ನು ದಾಸೋಹವೆಂದು ಕಂಡ ಪರಂಪರೆಗೆ, ಹೋಗುವ ಉಸಿರನ್ನು ಇನ್ನೊಬ್ಬರಿಗೆ ಬಿಟ್ಟುಹೋಗುವುದು ಅರ್ಥವಾಗದ ಮಾತಲ್ಲ.

ಪತ್ರ ಬರೆದ ಹಿರಿಯರಿಗೆ ನಮ್ಮ ಶರಣು. ಅವರ ಮನೆ ಯಾವ ನಿರ್ಣಯಕ್ಕೆ ಬಂದರೂ ಅದು ತಿಳಿದು ಮಾಡಿದ ನಿರ್ಣಯವಾಗಲಿ. ಆ ಮಗನಿಗೆ ನೆಮ್ಮದಿಯ ಉಸಿರು ಒದಗಲಿ ಎಂದು ಹಾರೈಸುತ್ತೇವೆ.