ಜೀರ್ಣೋದ್ಧಾರವೋ, ಗೋಡೆಯ ಸಿಂಗಾರವೋ?

ಹಳೆಯ ನಾಟಕಶಾಲೆಯ ಜೀರ್ಣೋದ್ಧಾರವೆಂದರೆ ನಮ್ಮವರಿಗೆ ಕೂಡಲೇ ಹೊಳೆಯುವುದು ಸುಣ್ಣಬಣ್ಣ, ಮೆತ್ತನೆಯ ಕುರ್ಚಿ, ಬಾಗಿಲ ಬಳಿ ಒಂದು ಶಿಲಾಫಲಕ. ಫಲಕದ ಮೇಲೆ ದೊಡ್ಡವರ ಹೆಸರು ಬಿದ್ದರೆ ಕೆಲಸ ಮುಗಿಯಿತು. ಮುಗಿಯಿತೆ? ದೇವಾಲಯವನ್ನು ದುರಸ್ತಿ ಮಾಡಿ, ಪೂಜೆಗೆ ಮಾತ್ರ ಅವಕಾಶವಿಲ್ಲವೆಂದರೆ ಅದನ್ನು ಜೀರ್ಣೋದ್ಧಾರವೆಂದು ಯಾರೂ ಕರೆಯರು. ರಂಗಮಂದಿರಕ್ಕೆ ಬೇರೆ ನ್ಯಾಯವೇಕೆ?

ಮೈಸೂರಿನ ಪುರಭವನವನ್ನೇ ನೋಡಿ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿದಾಗ ದಿವಾನರಾಗಿದ್ದ ರಂಗಾಚಾರ್ಲು ಅವರ ಸ್ಮರಣೆಗಾಗಿ 1884ರಲ್ಲಿ ಅಸ್ತಿಭಾರ ಕಂಡ ಕಟ್ಟಡ ಅದು. ಪ್ರಜೆಗಳ ಮಾತಿಗೆ ಮನ್ನಣೆ ಕೊಟ್ಟವರಿಗೆ ಮಾತಿನ ಮನೆಯೇ ತಕ್ಕ ಸ್ಮಾರಕ. ಆದರೆ ನಮ್ಮ ಕಾಲದಲ್ಲಿ ಅದರ ಅಂಗಳವನ್ನು ಅಗೆದದ್ದು ನಟರಿಗಾಗಿ ಅಲ್ಲ, ಕಾರುಗಳಿಗಾಗಿ. ನೆಲದಡಿಯ ಆ ವಾಹನ ನಿಲ್ದಾಣದ ಕೆಲಸ ವರ್ಷಗಟ್ಟಲೆ ಎಳೆದಾಡಿತು.

ಇದು ನಮ್ಮೊಬ್ಬರ ರೋಗವಲ್ಲ. ಗಿರೀಶಚಂದ್ರ ಘೋಷ್, ಬಿನೋದಿನಿ ದಾಸಿ ಇವರ ಹೆಸರಿನೊಡನೆ ಬೆಸೆದುಕೊಂಡ ಕಲ್ಕತ್ತೆಯ ಸ್ಟಾರ್ ಥಿಯೇಟರ್ 1991ರಲ್ಲಿ ಬೆಂಕಿಗೆ ಆಹುತಿಯಾಯಿತು. 2004ರಲ್ಲಿ ಹಳೆಯ ಮುಖವನ್ನು ಉಳಿಸಿಕೊಂಡು ಮತ್ತೆ ತೆರೆಯಿತು. ಆದರೆ ಬಳಿಕ ಅಲ್ಲಿ ಹೆಚ್ಚಾಗಿ ನಡೆದದ್ದು ಚಲನಚಿತ್ರ ಪ್ರದರ್ಶನ. ಮುಖ ಉಳಿಯಿತು, ದನಿ ಹೋಯಿತು.

ಇದಕ್ಕೆ ಉತ್ತರ ದೂರದಲ್ಲೇನೂ ಇಲ್ಲ, ನಮ್ಮ ಜಿಲ್ಲೆಯ ಹೆಗ್ಗೋಡಿನಲ್ಲಿದೆ. ನೀನಾಸಂ ಹುಟ್ಟಿದ್ದು 1949ರಲ್ಲಿ. ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ಮೊದಲು ಆಡುವ ಜನ, ಆಮೇಲೆ ಆಡುವ ಮನೆ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಬಂದವು. ಹಳ್ಳಿಯೊಂದು ಅರಿತ ಈ ಕ್ರಮವನ್ನು ನಗರಗಳು ತಿರುವುಮುರುವಾಗಿ ಹಿಡಿದಿವೆ.

ಹಿಂದೊಮ್ಮೆ ನಮ್ಮ ವಿದ್ಯಾರ್ಥಿಗಳು ನಾಟಕಕ್ಕೆಂದು ನವೀಕರಿಸಿದ ಸಭಾಂಗಣವೊಂದನ್ನು ಕೇಳಹೋದರು. ಬಾಡಿಗೆ ಕೇಳಿಯೇ ಅವರ ಮುಖ ಸಣ್ಣದಾಯಿತು. ಅದರ ಮೇಲೆ ಷರತ್ತುಗಳು: ವೇದಿಕೆಗೆ ಮೊಳೆ ಹೊಡೆಯಕೂಡದು, ಹೊಸ ನೆಲಕ್ಕೆ ಗೀರು ಬೀಳಕೂಡದು, ತಾಲೀಮಿಗೂ ಪೂರ್ತಿ ದಿನದ ಬಾಡಿಗೆ. ಹುಡುಗರು ಕಾಲೇಜಿನ ಅಂಗಳದಲ್ಲಿಯೇ ಆಡಿದರು.

ಕಟ್ಟಡ ತನ್ನ ಖರ್ಚನ್ನು ತಾನೇ ದುಡಿಯಬೇಡವೆ ಎಂದು ಲೆಕ್ಕಿಗರು ಕೇಳಬಹುದು. ಸಾರ್ವಜನಿಕ ಪುಸ್ತಕಾಲಯವನ್ನು ನಾವು ಹಾಗೆ ಕೇಳುವುದಿಲ್ಲವಲ್ಲ! ಸಭೆ ಸಮಾರಂಭಗಳು ಪೂರ್ತಿ ಬಾಡಿಗೆ ಕೊಡಲಿ. ಹವ್ಯಾಸಿ ತಂಡ ಕೈಲಾದಷ್ಟು ಕೊಡಲಿ.

1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯಲ್ಲಿ ಪಾಳಿ ಮುಗಿಸಿ ಬಂದು ಬಣ್ಣ ಹಚ್ಚಿಕೊಳ್ಳುತ್ತಿದ್ದವರಿದ್ದರು. ಶಿವಮೊಗ್ಗೆಯಲ್ಲಿ 1930ರಿಂದ ಕರ್ನಾಟಕ ಸಂಘವಿದೆ. ಈ ಎರಡು ಊರುಗಳಿಗೆ ರಸಿಕರ ಬರವಿಲ್ಲ. ಆದುದರಿಂದ ಯಾವ ಹಳೆಯ ಸಭಾಂಗಣಕ್ಕೆ ಕೈ ಹಚ್ಚುವ ಮೊದಲೂ ಎಂಜಿನಿಯರರ ಜೊತೆ ಇಬ್ಬರು ನಟರನ್ನು, ಒಬ್ಬ ಬೆಳಕಿನ ಕೆಲಸಗಾರನನ್ನು ಕೂರಿಸಿಕೊಳ್ಳಿ. ಧ್ವನಿವರ್ಧಕವಿಲ್ಲದೆ ಆಡಿದ ಮಾತು ಕೊನೆಯ ಸಾಲಿಗೆ ಮುಟ್ಟುವುದೇ ಎಂದು ಪರೀಕ್ಷಿಸಿ. ತಿಂಗಳಿಗೆ ಇಷ್ಟು ಸಂಜೆ ನಾಟಕಕ್ಕೇ ಮೀಸಲೆಂದು ಬರೆದಿಡಿ. ಶಿಲಾಫಲಕ ಬೇಕೇ ಬೇಕೆಂದಾದರೆ ಆ ಮೀಸಲಿನ ಮಾತನ್ನೇ ಅದರ ಮೇಲೆ ಕೆತ್ತಿಸಿ.